ಖಾಲಿ ಬಿಟ್ಟ ಅಂಕಣವನ್ನು ತುಂಬುವವರಾರು?



ಶಾಲೆಗೆ ಸೇರುವಾಗ ತುಂಬುವ ಅರ್ಜಿಯಲ್ಲಿ ಹೆಸರು, ಜನ್ಮದಿನಾಂಕ, ಮಾತೃಭಾಷೆ ಮೊದಲಾದ ಅಂಕಣಗಳಿರುತ್ತವೆ. ಕಾಗದದ ಅರ್ಜಿಯಲ್ಲಿ ಒಂದು ಅಂಕಣ ಖಾಲಿ ಉಳಿದರೆ ಗುಮಾಸ್ತರು ಕರೆದು ಕೇಳುತ್ತಾರೆ. ಜಾಲತಾಣದ ಅರ್ಜಿಯಲ್ಲಾದರೋ, ಗಣಕಯಂತ್ರವು ಯಾರನ್ನೂ ಕೇಳದೆ ಅದನ್ನು ತಾನೇ ತುಂಬಿಬಿಡುವುದುಂಟು. ಹೀಗೆ ಮೊದಲೇ ಗೊತ್ತುಮಾಡಿಟ್ಟ ಮೌಲ್ಯಕ್ಕೆ ಡಿಫಾಲ್ಟ್ ಎಂದು ಹೆಸರು. ಒಮ್ಮೆ ತುಂಬಿದ ಮೇಲೆ ಅದು ಯಾರೋ ಕೊಟ್ಟ ಉತ್ತರವೋ ಯಂತ್ರದ ಊಹೆಯೋ ಎಂಬುದು ಕೋಷ್ಟಕವನ್ನು ನೋಡಿದವರಿಗೆ ತಿಳಿಯದು. ತೊಡಕೆಲ್ಲ ಇರುವುದು ಅಲ್ಲಿಯೇ.

ಜ್ಯಾಂಗೋ ಎಂಬ ಸಲಕರಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬಿಬ್ಬರು 2003ರಲ್ಲಿ ಇದನ್ನು ಕಟ್ಟಲಾರಂಭಿಸಿದರು. 2005ರಲ್ಲಿ ಇದು ಸರ್ವರ ಉಪಯೋಗಕ್ಕೆ ದೊರೆಯಿತು. ಹೆಸರು ಮಾತ್ರ ಗಿಟಾರ್ ವಾದಕನೊಬ್ಬನದು! ಇದರಲ್ಲಿ ಪ್ರತಿಯೊಂದು ಕೋಷ್ಟಕದ ರೂಪವನ್ನೂ ಪೈಥಾನ್ ಭಾಷೆಯಲ್ಲಿ ಒಂದು 'ಮಾದರಿ'ಯಾಗಿ ಬರೆದಿಡುತ್ತಾರೆ.

ಶಾಲೆಯೊಂದರ ದಾಖಲೆಯನ್ನು ಕಲ್ಪಿಸಿಕೊಳ್ಳಿರಿ. ವಿದ್ಯಾರ್ಥಿಗೂ ಅಧ್ಯಾಪಕರಿಗೂ ಹೆಸರು, ವಿಳಾಸ, ಮಾತೃಭಾಷೆ ಸಮಾನ. ಆದಕಾರಣ 'ವ್ಯಕ್ತಿ' ಎಂಬ ತಾಯಿಮಾದರಿಯನ್ನು ಬರೆದು, ಉಳಿದೆರಡನ್ನು ಅದರ ಮಕ್ಕಳನ್ನಾಗಿ ಮಾಡಬಹುದು. ತಾಯಿಯ ಅಂಕಣಗಳು ಮಕ್ಕಳಿಗೆ ಬರುತ್ತವೆ. ಅವುಗಳೊಡನೆ ಡಿಫಾಲ್ಟುಗಳೂ ಬರುತ್ತವೆ. ತಾಯಿಮಾದರಿ ಅಮೂರ್ತವಾಗಿದ್ದರೆ ಅದಕ್ಕೆ ಸ್ವಂತ ಕೋಷ್ಟಕವಿರದು. ಅದರ ಅಂಕಣಗಳು ಮಕ್ಕಳ ಕೋಷ್ಟಕಗಳಲ್ಲಿಯೇ ಮೂಡುತ್ತವೆ. ಮಗುವು ಅದೇ ಅಂಕಣವನ್ನು ಪುನಃ ಬರೆದು ಬೇರೆ ಡಿಫಾಲ್ಟನ್ನು ಇಟ್ಟುಕೊಳ್ಳಬಹುದು. ತಾಯಿಗೆ ಸ್ವಂತ ಕೋಷ್ಟಕವಿದ್ದರೆ ಆ ಅಂಕಣ ಅಲ್ಲಿಯೇ ಇರುತ್ತದೆ. ಮಗುವಿನ ಕೋಷ್ಟಕದಲ್ಲಿ ಅದರ ಹೆಚ್ಚಿನ ಅಂಕಣಗಳೂ ತಾಯಿಯತ್ತ ತೋರುವ ಒಂದು ಕೊಂಡಿಯೂ ಮಾತ್ರ. ಆಗ ಮಗು ತಾಯಿಯ ಅಂಕಣವನ್ನು ಪುನಃ ಬರೆಯಲು ಹೋದರೆ ಜ್ಯಾಂಗೋ ಒಪ್ಪುವುದಿಲ್ಲ. ಮೂರನೆಯ ಬಗೆಯೊಂದುಂಟು, ಅದು ಹೊಸ ಅಂಕಣವನ್ನೇ ಸೇರಿಸದು, ನಡವಳಿಕೆಯನ್ನಷ್ಟೇ ಬದಲಿಸುತ್ತದೆ.

ಮುಂಬಯಿಯಲ್ಲಿ ಈ ತಾಯಿಮಾದರಿಯನ್ನು ಬರೆದವನು ಮಾತೃಭಾಷೆಗೆ 'ಮರಾಠಿ' ಎಂಬ ಡಿಫಾಲ್ಟನ್ನು ಇಟ್ಟನೆನ್ನಿ. ಕನ್ನಡ ಶಾಲೆಯ ಮಕ್ಕಳಲ್ಲಿ ಅಂಕಣವನ್ನು ಖಾಲಿ ಬಿಟ್ಟವರೆಲ್ಲ ದಾಖಲೆಯಲ್ಲಿ ಮರಾಠಿಗರಾಗುವರು. ಹಾಗಾದರೆ ವಿದ್ಯಾರ್ಥಿಮಾದರಿಯಲ್ಲಿ 'ಕನ್ನಡ' ಎಂದು ತಿದ್ದಿದರೆ ಸರಿಹೋಯಿತೇ? ಇಲ್ಲ. ನಿಮ್ಮ ಪಕ್ಕದ ಬೆಂಚಿನಲ್ಲಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಗೆಳೆಯನಿರಬಹುದು. ಕೇಳಿಯೇ ತಿಳಿಯಬೇಕಾದ ಅಂಕಣಕ್ಕೆ ಡಿಫಾಲ್ಟನ್ನೇ ಇಡದಿರುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಅದು ಖಾಲಿಯಿರಲಿ, ಇಲ್ಲವೆ ತುಂಬುವವರೆಗೆ ಅರ್ಜಿಯನ್ನು ಸ್ವೀಕರಿಸದಿರಲಿ. ಗೈರುಹಾಜರಾದವನ ಅಂಕಕ್ಕೆ ಸೊನ್ನೆಯ ಡಿಫಾಲ್ಟೂ ಇಂಥದೇ ಅನ್ಯಾಯ.

ಡಿಫಾಲ್ಟು ಉಪಯುಕ್ತವಾಗುವ ಕಡೆಗಳೂ ಉಂಟು. ಅರ್ಜಿ ಬಂದ ದಿನಾಂಕವನ್ನು ಯಂತ್ರವೇ ಬರೆಯುವುದು ಲೇಸು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಈ ಹೊತ್ತಿನ ದಿನಾಂಕವನ್ನು ಹೇಳುವ ಕಾರ್ಯದ ಹೆಸರನ್ನಷ್ಟೇ ಡಿಫಾಲ್ಟಾಗಿ ಕೊಟ್ಟರೆ, ಪ್ರತಿಯೊಂದು ಅರ್ಜಿ ಬಂದಾಗಲೂ ಯಂತ್ರ ಅದನ್ನು ಹೊಸದಾಗಿ ಕೇಳುತ್ತದೆ. ಆ ಹೆಸರಿನ ಮುಂದೆ ಒಂದು ಜೊತೆ ಆವರಣ ಚಿಹ್ನೆಗಳನ್ನು ಹಾಕಿದರೆ, ಪ್ರೋಗ್ರಾಮು ಆರಂಭವಾದಾಗ ಒಂದೇ ಸಲ ಕೇಳಿ, ಅದೇ ಉತ್ತರವನ್ನು ಹಿಡಿದು ಕುಳಿತಿರುತ್ತದೆ. ಜೂನ್ 1ರಂದು ಪ್ರೋಗ್ರಾಮನ್ನು ಆರಂಭಿಸಿ ನಿಲ್ಲಿಸದೆ ಬಿಟ್ಟರೆ, ಜೂನ್ 20ರಂದು ಬಂದವನೂ 1ರಂದೇ ಬಂದವನೆನಿಸುವನು! ಪಟ್ಟಿಯನ್ನು ಡಿಫಾಲ್ಟಾಗಿಟ್ಟರೂ ಹೀಗೆಯೇ. ಒಂದೇ ಪಟ್ಟಿಯನ್ನು ಎಲ್ಲರೂ ಹಂಚಿಕೊಂಡು, ಒಬ್ಬನಿಗೆ ಸೇರಿಸಿದ್ದು ಇನ್ನೊಬ್ಬನಲ್ಲಿ ಕಾಣಿಸಿಕೊಳ್ಳಬಹುದು.

ಈ ಡಿಫಾಲ್ಟು ಇರುವುದಾದರೂ ಎಲ್ಲಿ? ಜ್ಯಾಂಗೋದ ಸಾಮಾನ್ಯ ಡಿಫಾಲ್ಟು ಪೈಥಾನಿನಲ್ಲಿರುತ್ತದೆಯೇ ಹೊರತು ದತ್ತಸಂಚಯದಲ್ಲಿ ಅಲ್ಲ. ಬೇರೊಂದು ಪ್ರೋಗ್ರಾಮು ನೇರವಾಗಿ ಕೋಷ್ಟಕಕ್ಕೆ ಬರೆದರೆ ಅದು ದೊರೆಯದು. ದತ್ತಸಂಚಯದೊಳಗೇ ಡಿಫಾಲ್ಟನ್ನು ಇಡುವ ಏರ್ಪಾಡು 2023ರ ಡಿಸೆಂಬರಿನಲ್ಲಿ ಬಂದ 5.0ನೆಯ ಆವೃತ್ತಿಯಲ್ಲಿ ಸೇರಿತು.

ಈಗಾಗಲೇ ತುಂಬಿರುವ ಕೋಷ್ಟಕಕ್ಕೆ ಕಡ್ಡಾಯವಾದ ಹೊಸ ಅಂಕಣವನ್ನು ಡಿಫಾಲ್ಟಿಲ್ಲದೆ ಸೇರಿಸಹೋದರೆ, ಹಳೆಯ ಸಾಲುಗಳಲ್ಲಿ ಏನನ್ನು ಬರೆಯಲೆಂದು ಜ್ಯಾಂಗೋ ಕೇಳುತ್ತದೆ. ಅವಸರದಲ್ಲಿ ಏನನ್ನೋ ಬರೆದರೆ ಅದು ಎಲ್ಲ ಸಾಲುಗಳಿಗೂ ಹತ್ತಿಬಿಡುತ್ತದೆ. ಮುಂದೆ ಡಿಫಾಲ್ಟನ್ನು ಬದಲಿಸಿದರೆ ಅದು ಹೊಸ ಸಾಲುಗಳಿಗಷ್ಟೇ ಅನ್ವಯಿಸುವುದು. ಹಳೆಯ ಮಕ್ಕಳ ಮನೆಗಳಿಗೆ ಒಂದೊಂದಾಗಿ ಕೇಳಿಕಳುಹಿಸಿ ತಿದ್ದಬೇಕಾಗುತ್ತದೆ.