ಊರ ವನದ ಕೀಲಿ ಯಾರ ಕೈಯಲ್ಲಿ?



ಇಂದಿನ ಮಾತು ಸಾರ್ವಜನಿಕ ಉದ್ಯಾನದ ಬಗ್ಗೆ. ಉದ್ಯಾನ ಎಂದೊಡನೆ ಬೆಂಗಳೂರಿನ ಲಾಲ್‌ಬಾಗ್, ಹೈದರಾಬಾದಿನ ಪಬ್ಲಿಕ್ ಗಾರ್ಡನ್ ನೆನಪಿಗೆ ಬರುತ್ತವೆ. ಅದಕ್ಕೂ ನಮ್ಮ ಕೆ.ಟಿ. ದೊಡ್ಡಿ ಕಡೆಯ ಹಳ್ಳಿಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. 2020ರಿಂದೀಚೆಗೆ ತೆಲಂಗಾಣದ ಊರೂರಿನಲ್ಲಿ ‘ಪಲ್ಲೆ ಪ್ರಕೃತಿ ವನಂ’ ಎಂಬ ಬೋರ್ಡು ಎದ್ದಿತು. ‘ಪಲ್ಲೆ’ ಎಂದರೆ ನಮ್ಮ ಹಳ್ಳಿ. ಉಳಿದ ಎರಡು ಮಾತು ಎರಡೂ ಭಾಷೆಯವು. ಊರು, ಪುಟ್ಟ ಜನವಸತಿ, ತಾಂಡಾ ಎಲ್ಲ ಸೇರಿ 19,000ಕ್ಕೂ ಹೆಚ್ಚು ಕಡೆ ಇಂಥ ವನ ಬೆಳೆಸಬೇಕೆಂದು ಸರ್ಕಾರ ಲೆಕ್ಕ ಹಾಕಿತ್ತು. ಒಂದು ಎಕರೆ, ಅಷ್ಟು ಸಿಗದಿದ್ದರೆ ಇಪ್ಪತ್ತು ಗುಂಟೆ. ಉದ್ಯೋಗ ಖಾತರಿ ಕೂಲಿಯಲ್ಲಿ ಗುಂಡಿ ತೋಡಿ, ಸಸಿ ಒತ್ತೊತ್ತಾಗಿ ನೆಟ್ಟು, ನಡುವೆ ಕಾಲುದಾರಿ ಬಿಟ್ಟು, ಕೂರಲು ಬೆಂಚು ಹಾಕುವುದು ಯೋಜನೆ.

ನಿಮ್ಮ ಊರಿನ ವನ ಈಗ ಹೇಗಿದೆ ಎಂಬುದನ್ನು ನೀವೇ ನೋಡಿರುತ್ತೀರಿ. ಕೆಲವು ಊರಲ್ಲಿ ಬೇವು, ಹೊಂಗೆ ತಲೆಯೆತ್ತರ ದಾಟಿ ನೆರಳು ಕೊಡುತ್ತಿವೆ. ಕೆಲವು ಊರಲ್ಲಿ ಬೋರ್ಡು ಮಾತ್ರ ಉಳಿದಿದೆ. ಮಳೆ ಒಂದೇ, ಮಣ್ಣು ಒಂದೇ, ಬಂದ ಆದೇಶವೂ ಒಂದೇ. ಆದರೂ ಈ ವ್ಯತ್ಯಾಸ ಏಕೆ? ನೆಡುವ ತೀರ್ಮಾನ ಹೈದರಾಬಾದಿನಲ್ಲಿ ಆಯಿತು. ನೀರು ಹಾಕುವ ತೀರ್ಮಾನ ಪಂಚಾಯಿತಿ ಕಟ್ಟಡದಲ್ಲಿ ಆಗಬೇಕು. ಎರಡನೆಯದು ಎಲ್ಲಿ ಆಗಲಿಲ್ಲವೋ ಅಲ್ಲಿ ಮೊದಲನೆಯದು ಒಣಗಿತು.

ಮೊದಲು ಜಾಗದ ವಿಷಯ ನೋಡೋಣ. ವನಕ್ಕೆ ಎಕರೆ ಭೂಮಿ ಬಂದದ್ದೆಲ್ಲಿಂದ? ಬಹುತೇಕ ಕಡೆ ಸರ್ಕಾರಿ ಖಾಲಿ ಜಾಗದಿಂದ. ಆದರೆ ಹಳ್ಳಿಯಲ್ಲಿ ನಿಜವಾಗಿ ಖಾಲಿ ಇರುವ ಜಾಗ ಕಡಿಮೆ. ರಾಯಚೂರು ಕಡೆಯವರು ಗೈರಾಣ ಎನ್ನುತ್ತಾರೆ, ಮೈಸೂರು ಕಡೆಯವರು ಗೋಮಾಳ ಎನ್ನುತ್ತಾರೆ, ತೆಲುಗಿನಲ್ಲಿ ಬಂಚರಾಯಿ. ಹೆಸರು ಮೂರಾದರೂ ಕೆಲಸ ಒಂದೇ: ದನ, ಕುರಿ ಮೇಯುವ ಜಾಗ. ನಿಮ್ಮ ಊರ ಹೆಸರಿನಲ್ಲಿಯೇ ಇಂಥ ಒಂದು ಮಾತು ಇದೆ. ‘ದೊಡ್ಡಿ’ ಎಂದರೆ ಕನ್ನಡದಲ್ಲೂ ತೆಲುಗಿನಲ್ಲೂ ದನ ಕೂಡುವ ಜಾಗವೇ. ಪರರ ಹೊಲಕ್ಕೆ ನುಗ್ಗಿದ ದನವನ್ನು ಕೂಡಿಹಾಕುವ ಕೊಂಡವಾಡಕ್ಕೆ ತೆಲುಗಿನವರು ‘ಬಂದೆಲ ದೊಡ್ಡಿ’ ಎನ್ನುತ್ತಾರೆ. ಊರೊಟ್ಟಿನ ಜಾಗವನ್ನು ಊರೇ ನೋಡಿಕೊಳ್ಳುವುದು ಹೊಸ ಸಂಗತಿಯೇನಲ್ಲ.

ಹೊಸದಾದದ್ದು ಆ ಜಾಗಕ್ಕೆ ಬಂದಿರುವ ನೂಕುನುಗ್ಗಲು. ಕಸ ವಿಂಗಡಿಸುವ ಶೆಡ್ಡಿಗೆ ಜಾಗ ಬೇಕು. ‘ವೈಕುಂಠಧಾಮಂ’ ಎಂಬ ಸ್ಮಶಾನಕ್ಕೆ ಬೇಕು. 2022ರಲ್ಲಿ ‘ಕ್ರೀಡಾ ಪ್ರಾಂಗಣಂ’ ಬಂತು, ಆಟದ ಮೈದಾನಕ್ಕೂ ಬೇಕು. ಇದಷ್ಟೂ ಒಳ್ಳೆಯ ಕೆಲಸವೇ. ಆದರೆ ಒಳ್ಳೆಯ ಕೆಲಸಗಳು ಒಂದೇ ಸರ್ವೆ ನಂಬರಿನ ಮೇಲೆ ಬಂದು ಕೂತಾಗ ಕುರಿ ಕಾಯುವವನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ವನಕ್ಕೆ ಕುರಿ ನುಗ್ಗಿತು ಎಂದು ಅವನ ಮೇಲೆ ದಂಡ ಹಾಕುವ ಮೊದಲು, ಆ ಜಾಗ ಹಿಂದೆ ಅವನ ಕುರಿಗಳ ಹುಲ್ಲುಗಾವಲಾಗಿತ್ತೇ ಎಂದು ಗ್ರಾಮಸಭೆ ವಿಚಾರಿಸಬೇಕಾದದ್ದು ನ್ಯಾಯ. ವನದ ಒಂದು ಅಂಚಿನಲ್ಲಿ ಮೇವಿನ ಹುಲ್ಲು ಬೆಳೆದು, ಕೊಯ್ದು ಒಯ್ಯಲು ಅನುಮತಿ ಕೊಟ್ಟರೆ ಬೇಲಿಗೆ ಖರ್ಚು ಮಾಡುವ ಹಣದಲ್ಲಿ ಅರ್ಧ ಉಳಿದೀತು ಎಂಬುದು ನನ್ನ ಅಭಿಪ್ರಾಯ.

ಇನ್ನು ಕಾನೂನಿಗೆ ಬರೋಣ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆ ವರ್ಷ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಮಹಬೂಬ್‌ನಗರಕ್ಕೆ ಸೇರಿದವು. ನೆಂಟಸ್ತನ ಹಾಗೇ ಉಳಿಯಿತು, ಕಾನೂನು ಬೇರೆಯಾಯಿತು. ಆದ್ದರಿಂದ ಗಡಿಯಾಚೆಯ ನೆಂಟರು ತಮ್ಮೂರ ಪಂಚಾಯಿತಿಯ ನಿಯಮ ಹೇಳಿದರೆ ಅದು ನಿಮ್ಮೂರಿಗೆ ಅನ್ವಯಿಸದು. ಅವರಿಗೆ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ. ನಿಮಗೆ ತೆಲಂಗಾಣದ 2018ರ ಪಂಚಾಯತ್ ರಾಜ್ ಕಾಯ್ದೆ.

ಹಸಿರಿನ ವಿಷಯದಲ್ಲಿ ನಿಮ್ಮ ಕಾಯ್ದೆ ಬಹಳ ಗಟ್ಟಿ. ಪಂಚಾಯಿತಿ ತನ್ನ ಬಜೆಟ್ಟಿನಲ್ಲಿ ನೂರಕ್ಕೆ 10 ರೂಪಾಯಿಯನ್ನು ಗಿಡಗಳಿಗೆಂದೇ ಮೀಸಲಿಡಬೇಕು. ವರ್ಷಕ್ಕೆ ಐದು ಲಕ್ಷದ ಬಜೆಟ್ ಇರುವ ಪಂಚಾಯಿತಿಯಾದರೆ ಐವತ್ತು ಸಾವಿರ. ನೆಟ್ಟ ಗಿಡಗಳಲ್ಲಿ ನೂರಕ್ಕೆ 85 ಬದುಕಿರಬೇಕು. ಇಲ್ಲವಾದರೆ ಸರಪಂಚರೂ ಕಾರ್ಯದರ್ಶಿಯೂ ಉತ್ತರ ಕೊಡಬೇಕು, ಅವರ ಮೇಲೆ ಕ್ರಮಕ್ಕೂ ಅವಕಾಶವಿದೆ. ಗಿಡ ಬೆಳೆಸುವುದಕ್ಕೆಂದೇ ಒಂದು ಸ್ಥಾಯಿ ಸಮಿತಿ ಇರಬೇಕು, ಅದರಲ್ಲಿ ಅರ್ಧ ಮಹಿಳೆಯರಿರಬೇಕು. ಎರಡು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು.

ಬರೆದದ್ದು ಚೆನ್ನಾಗಿದೆ. ನಡೆಯುವುದು ಹೇಗೆ? ನಡಿಗಡ್ಡೆಯಲ್ಲಿ ಬೀಜದ ಹತ್ತಿ ಬೆಳೆಯುವುದು ನಿಮಗೆ ಹೇಳಬೇಕಾಗಿಲ್ಲ. ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸದ ದಿನಗಳಲ್ಲಿ ಹೆಂಗಸರು ಬೆಳಗಾಗುತ್ತಲೇ ಹೊಲದಲ್ಲಿರುತ್ತಾರೆ. ಆಗ ಹನ್ನೊಂದು ಗಂಟೆಗೆ ಗ್ರಾಮಸಭೆ ಕರೆದರೆ ಬರುವವರು ಯಾರು? ಕಟ್ಟೆಯ ಮೇಲೆ ಕೂತಿರುವ ನಾಲ್ವರು. ಗಿಡದ ಸಮಿತಿಯ ಅರ್ಧ ಜನ ಹೊಲದಲ್ಲಿರುವಾಗ ಗಿಡದ ಲೆಕ್ಕ ಓದಿ ಮುಗಿದಿರುತ್ತದೆ. ಸಭೆಯನ್ನು ಸಂಜೆಗೆ ಇಡಿ ಎಂದು ಕೇಳುವುದು ಸಣ್ಣ ಬೇಡಿಕೆಯೆನಿಸಬಹುದು, ಆದರೆ ವನದ ಹಣೆಬರಹ ಬದಲಿಸುವ ಬೇಡಿಕೆ ಅದೇ.

ನೀರಿನ ಮಾತು. ಸಸಿಗೆ ಎರಡು ಮೂರು ಬೇಸಿಗೆ ನೀರು ಉಣಿಸಿದರೆ ಆಮೇಲೆ ಅದು ತನ್ನ ಬೇರು ತಾನು ನೋಡಿಕೊಳ್ಳುತ್ತದೆ. 2019ರ ಸೆಪ್ಟೆಂಬರಿನಲ್ಲಿ ಶುರುವಾದ ‘ಪಲ್ಲೆ ಪ್ರಗತಿ’ಯಲ್ಲಿ ಪಂಚಾಯಿತಿಗಳಿಗೆ ಟ್ರ್ಯಾಕ್ಟರು, ಟ್ಯಾಂಕರು ಬಂದವು. ಟ್ರ್ಯಾಕ್ಟರು ಬಂದರಾಯಿತೇ? ಡೀಸೆಲ್ಲು ಬೇಕು, ಓಡಿಸುವವನಿಗೆ ಸಂಬಳ ಬೇಕು. 2024ರ ಫೆಬ್ರವರಿ ಹೊತ್ತಿಗೆ ಸರಪಂಚರ ಅವಧಿ ಮುಗಿಯಿತು, ಚುನಾವಣೆ ಆಗಲಿಲ್ಲ, ವಿಶೇಷಾಧಿಕಾರಿಗಳ ಆಡಳಿತ ಬಂತು. ಚುನಾಯಿತ ಮಂಡಳಿ ಇಲ್ಲವೆಂದು ಕೇಂದ್ರದ ಹಣಕಾಸು ಆಯೋಗದ ಅನುದಾನವೂ ತಡೆಯಿತು. ಹಣ ಕಡಿಮೆಯಾದಾಗ ಪಂಚಾಯಿತಿ ಬೀದಿದೀಪ ನಿಲ್ಲಿಸುವುದಿಲ್ಲ, ಕುಡಿಯುವ ನೀರು ನಿಲ್ಲಿಸುವುದಿಲ್ಲ. ಗಿಡದ ನೀರು ನಿಲ್ಲಿಸುತ್ತದೆ. ಗಿಡ ಬಂದು ಜಗಳವಾಡುವುದಿಲ್ಲವಲ್ಲ! 2025ರ ಡಿಸೆಂಬರಿನಲ್ಲಿ ಮೂರು ಹಂತದಲ್ಲಿ ಚುನಾವಣೆ ನಡೆದು ಹೊಸ ಸರಪಂಚರು ಬಂದರು. ಎರಡು ಬೇಸಿಗೆ ತಪ್ಪಿಸಿಕೊಂಡು ಬದುಕಿದ ಗಿಡ ಎಷ್ಟು ಎಂದು ಅವರ ಮುಂದೆ ಎಣಿಸಿಸುವುದು ಈಗ ನಿಮ್ಮ ಕೆಲಸ.

ವನ ಒಣಗಿದ ಮೇಲೆ ಇನ್ನೊಂದು ಅಪಾಯ ಬರುತ್ತದೆ. ‘ಇಲ್ಲಿ ಗಿಡ ಹೇಗೂ ಇಲ್ಲ, ಈ ಜಾಗವನ್ನು ಬೇರೆ ಒಳ್ಳೆಯ ಕೆಲಸಕ್ಕೆ ಕೊಡೋಣ’ ಎಂಬ ಮಾತು ಏಳುತ್ತದೆ. ಇಂಥ ಮಾತಿಗೆ ದೇಶದ ಅತಿ ದೊಡ್ಡ ನ್ಯಾಯಾಲಯ ಉತ್ತರ ಕೊಟ್ಟಿದೆ, ಅದು ಗಡಿಯ ಎರಡೂ ಕಡೆ ಸಲ್ಲುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದಂತೆ ಒಂದು ಖಾಸಗಿ ಟ್ರಸ್ಟಿನ ಆಸ್ಪತ್ರೆಗೆ ಕೊಟ್ಟರು. ಬಿ.ಎಸ್. ಮುದ್ದಪ್ಪ ಮತ್ತು ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ‘ಆಸ್ಪತ್ರೆಯೂ ಜನರಿಗಾಗಿಯೇ ಅಲ್ಲವೇ’ ಎಂಬುದು ಎದುರು ವಾದ. ಮೊದಲು ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ನಿವಾಸಿಗಳು ಸೋತರು, ಮೇಲ್ಮನವಿಯಲ್ಲಿ ಗೆದ್ದರು. 1991ರ ಜುಲೈ 19ರಂದು ಸುಪ್ರೀಂ ಕೋರ್ಟ್ ಅವರ ಗೆಲುವನ್ನು ಎತ್ತಿಹಿಡಿಯಿತು. ಉದ್ಯಾನ ಎಲ್ಲರದು, ಅದರ ಬದಲಿಗೆ ಖಾಸಗಿ ಆಸ್ಪತ್ರೆ ಕೊಡಲಾಗದು. ಆ ಜಾಗದ ಸುತ್ತ ಬದುಕುವವರಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದು ತೀರ್ಪಿನ ತಾತ್ಪರ್ಯ.

ಅದು ಪಟ್ಟಣದ ಕಥೆ ಎನ್ನಬೇಡಿ. ಪಂಜಾಬಿನ ಪಟಿಯಾಲ ಜಿಲ್ಲೆಯ ರೋಹರ್ ಜಾಗೀರ್ ಎಂಬ ಹಳ್ಳಿಯಲ್ಲಿ ಕೆಲವರು ಊರ ಕೆರೆಯ ಜಾಗ ತುಂಬಿಸಿ ಮನೆ ಕಟ್ಟಿಕೊಂಡಿದ್ದರು. ಬೆಲೆ ಪಡೆದು ಅವರಿಗೇ ಬಿಟ್ಟುಕೊಡಲು ಅಧಿಕಾರಿಗಳು ಹೊರಟರು. 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಗ್ರಾಮದ ಸಾರ್ವಜನಿಕ ಜಾಗಗಳ ಒತ್ತುವರಿ ತೆರವು ಮಾಡಿಸಿ ಊರಿಗೆ ಮರಳಿಸುವ ಯೋಜನೆ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು.

ಆದರೆ ಕೋರ್ಟು ಕೇಳುವುದು ಕಾಗದ. ನಿಮ್ಮ ವನದ ಜಾಗ ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಯಾವ ದಿನದ ತೀರ್ಮಾನದಿಂದ ವನವಾಯಿತು, ಇದು ಪಂಚಾಯಿತಿಯ ಪುಸ್ತಕದಲ್ಲಿ ಇದೆಯೇ? ಇಲ್ಲಿ ನಮ್ಮಂಥ ಕನ್ನಡ ಮನೆಯವರಿಗೆ ಒಂದು ತೊಡಕು. ತೆಲುಗು ಮಾತು ನಮಗೆ ನೀರು ಕುಡಿದಷ್ಟು ಸುಲಭ, ಸಂತೆಯಲ್ಲಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದೆವೆಂದು ನಮಗೇ ನೆನಪಿರುವುದಿಲ್ಲ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ತೆಲುಗು ಬರಹ, ಅದೂ ಕಚೇರಿಯ ಕೈಬರಹ, ಕಷ್ಟ. ತೀರ್ಮಾನದ ಪುಸ್ತಕ ಮುಂದಿಟ್ಟು ‘ಸಂತಕಂ’ ಎಂದರೆ ಸಹಿ ಹಾಕಿಬಿಡುತ್ತೇವೆ. ಹಾಗೆ ಮಾಡಬೇಡಿ. ‘ಚದಿವಿ ವಿನಿಪಿಂಚಂಡಿ’, ಓದಿ ಹೇಳಿ ಎನ್ನಿ. ಕೇಳಿಸಿಕೊಂಡ ಮೇಲೆ ಸಹಿ.

ಕಾಗದ ಬರೆಯುವಾಗಲೂ ಒಂದು ವ್ಯತ್ಯಾಸ ತಿಳಿದಿರಲಿ. ಕುಂದುಕೊರತೆಯ ಮನವಿಯಾದರೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ವನಕ್ಕೆ ನೀರಿಲ್ಲ, ಗೇಟಿಗೆ ಬೀಗ ಬಿದ್ದಿದೆ ಎಂಬ ಅರ್ಜಿಯನ್ನು ನೀವು ಕನ್ನಡದಲ್ಲೇ ಬರೆಯಬಹುದು. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತೀರ್ಮಾನದ ನಕಲು, ಹಸಿರು ಬಜೆಟ್ಟಿನ ಲೆಕ್ಕ ಕೇಳುವುದಾದರೆ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಇಲ್ಲವೇ ಇಂಗ್ಲಿಷು, ಹಿಂದಿಯಲ್ಲಿ ಇರಬೇಕು. ತೆಲುಗು ಶಾಲೆಗೆ ಹೋಗುವ ಮೊಮ್ಮಗಳ ಕೈಯಲ್ಲಿ ಬರೆಸಿ. ಗ್ರಾಮ ಮಟ್ಟದ ಕಚೇರಿಗೆ ಕೊಡುವ ಮಾಹಿತಿ ಅರ್ಜಿಗೆ ಶುಲ್ಕವಿಲ್ಲ. ಅರ್ಜಿ ತಲುಪಿದ 30 ದಿನದೊಳಗೆ ಉತ್ತರ ಬರಬೇಕು. ಕೊಟ್ಟ ದಿನವೇ ಸ್ವೀಕೃತಿ ಬರೆಸಿಕೊಂಡು ಬನ್ನಿ, ತಾರೀಕು ಸಮೇತ.