ತಡೆಯುವ ಮಾತು: ಕನ್ನಡ ಕಥನಗಳಲ್ಲಿ ಹಣ ಮತ್ತು ಮನೆ

ಹಣವು ಮನುಷ್ಯನನ್ನು ಕೆಡಿಸುತ್ತದೆ ಎಂಬುದು ಎಲ್ಲ ಸಂಸ್ಕೃತಿಗಳಲ್ಲಿಯೂ ಕೇಳಿಬರುವ ಮಾತು. ಆದರೆ ಕನ್ನಡದ ಮೌಖಿಕ ಹಾಗೂ ಲಿಖಿತ ಕಥನಗಳನ್ನು ಒಟ್ಟಾಗಿ ಇರಿಸಿ ನೋಡಿದಾಗ ಈ ಸಾಮಾನ್ಯೋಕ್ತಿಗಿಂತ ನಿಖರವಾದ ಒಂದು ವಿನ್ಯಾಸವು ಗೋಚರಿಸುತ್ತದೆ. ಹಣವು ಮನೆಯ ಹೊಸ್ತಿಲನ್ನು ದಾಟುವ ಹೊತ್ತಿನಲ್ಲಿ ಅದನ್ನು ಪ್ರಶ್ನಿಸುವ ದನಿಯೊಂದು ಮನೆಯೊಳಗಿನಿಂದಲೇ ಹೊರಡುತ್ತದೆ. ಆ ದನಿಗೆ ಮನ್ನಣೆ ದೊರೆತರೆ ಮನೆ ಉಳಿಯುತ್ತದೆ, ದೊರೆಯದಿದ್ದರೆ ಅಳಿಯುತ್ತದೆ. ಹಣದ ಮೊತ್ತ ಎಷ್ಟೆಂಬುದು ಈ ಕಥನಗಳಿಗೆ ಮುಖ್ಯವಲ್ಲ. ಹನ್ನೊಂದನೆಯ ಶತಮಾನದಿಂದ ಇಪ್ಪತ್ತೊಂದನೆಯ ಶತಮಾನದವರೆಗಿನ ಕೆಲವು ನಿದರ್ಶನಗಳ ಮೂಲಕ ಈ ವಿನ್ಯಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನಿಧಿ: ಒಡೆಯನಿಲ್ಲದ ಹಣ

ಹಣವನ್ನು ಕುರಿತ ಜನಪದ ಕಲ್ಪನೆಯ ತಳಪಾಯವು ನಿಧಿಯ ಐತಿಹ್ಯಗಳಲ್ಲಿದೆ. ಸ್ಟಿತ್ ಥಾಂಪ್ಸನ್ ಅವರ ಆಶಯ ಸೂಚಿಯು ಎನ್ 500ರಿಂದ 599ರವರೆಗಿನ ಸಂಖ್ಯೆಗಳನ್ನು ನಿಧಿಯ ಆಶಯಗಳಿಗೇ ಮೀಸಲಿರಿಸಿದೆ. ಕರ್ನಾಟಕದ ಐತಿಹ್ಯಗಳಲ್ಲಿ ಹೂತಿಟ್ಟ ಕೊಪ್ಪರಿಗೆಯನ್ನು ಸರ್ಪ ಅಥವಾ ಭೂತ ಕಾಯುತ್ತದೆ. ಅದನ್ನು ಮೇಲೆತ್ತಬೇಕಾದರೆ ಬಲಿ ಕೊಡಬೇಕಾಗುತ್ತದೆ. ಬಲಿಯಾಗುವುದು ಹಲವೆಡೆ ಮನೆಯ ಚೊಚ್ಚಲ ಮಗು, ಅಂದರೆ ಬೇಡವೆನ್ನಲು ಶಕ್ತವಲ್ಲದ ಜೀವ. ದುಡಿಮೆಯಿಂದ ಬಾರದ, ಒಡೆಯನಿಲ್ಲದ ಹಣಕ್ಕೆ ಮನೆಯ ಜೀವವನ್ನೇ ಬೆಲೆಯಾಗಿ ತೆರಬೇಕೆಂಬ ಎಚ್ಚರಿಕೆ ಇಲ್ಲಿದೆ. ಈ ನಂಬಿಕೆ ಕಥೆಯ ಎಲ್ಲೆಯೊಳಗೇ ಉಳಿದಿಲ್ಲವೆಂಬುದು ಕಹಿ ಸತ್ಯ. ಅಮಾನವೀಯ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ರೂಪುಗೊಂಡ ಕಾಯ್ದೆಯು ನಿಧಿಶೋಧಕ್ಕಾಗಿ ನಡೆಸುವ ಅಮಾನುಷ ಕೃತ್ಯಗಳನ್ನು ಹೆಸರಿಸಿಯೇ ನಿಷೇಧಿಸಬೇಕಾಯಿತು.

ಇದಕ್ಕೆ ಎದುರಾಗಿ ಕನಕದಾಸರ ಐತಿಹ್ಯವು ನಿಲ್ಲುತ್ತದೆ. ತಿಮ್ಮಪ್ಪ ನಾಯಕನಿಗೆ ನೆಲ ಅಗೆಯುವಾಗ ಹೊನ್ನಿನ ಕೊಪ್ಪರಿಗೆ ದೊರೆಯಿತೆಂದೂ, ಅದನ್ನು ತನಗಾಗಿ ಇರಿಸಿಕೊಳ್ಳದೆ ಧರ್ಮಕಾರ್ಯಕ್ಕೆ ವಿನಿಯೋಗಿಸಿದ್ದರಿಂದ ಆತನು ಕನಕನಾಯಕನೆನಿಸಿದನೆಂದೂ ಜನರು ಹೇಳುತ್ತಾರೆ. ಈ ಐತಿಹ್ಯದಲ್ಲಿ ಬಲಿಯ ಪ್ರಸ್ತಾಪವೇ ಇಲ್ಲ. ಹಂಚಿದ ಹಣಕ್ಕೆ ಕಾವಲಿನ ಭೂತದ ಅಗತ್ಯವಿಲ್ಲವೆಂಬುದು ಇದರ ಇಂಗಿತ.

ವಟವೃಕ್ಷದ ಪೊಟರೆ

ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಕಾಲದಲ್ಲಿ, 1031ರಲ್ಲಿ, ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ ದುರ್ಗಸಿಂಹನು ರಚಿಸಿದ ‘ಪಂಚತಂತ್ರ’ದಲ್ಲಿ ಧರ್ಮಬುದ್ಧಿ ಮತ್ತು ದುಷ್ಟಬುದ್ಧಿಯರ ಕಥೆ ಬರುತ್ತದೆ. ಪರದೇಶದಲ್ಲಿ ವ್ಯಾಪಾರ ಮಾಡಿ ಗಳಿಸಿದ ಹೊನ್ನನ್ನು ಗೆಳೆಯರಿಬ್ಬರೂ ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿಯು ರಾತ್ರಿ ಬಂದು ಅದನ್ನು ಅಪಹರಿಸಿ, ಕಳವಿನ ಆರೋಪವನ್ನು ಗೆಳೆಯನ ಮೇಲೆಯೇ ಹೊರಿಸುತ್ತಾನೆ. ಧರ್ಮಾಧಿಕಾರಿಗಳು ಸಾಕ್ಷಿ ಕೇಳಿದಾಗ ಆ ಮರವೇ ಸಾಕ್ಷಿಯೆನ್ನುತ್ತಾನೆ.

ಸಾಮಾನ್ಯವಾಗಿ ಓದುಗರ ಗಮನವು ಧರ್ಮಬುದ್ಧಿಯ ಜಾಣ್ಮೆಯ ಕಡೆಗೆ ಹರಿಯುತ್ತದೆ. ಆದರೆ ಕಥೆಯ ನೈತಿಕ ಕೇಂದ್ರವು ಅದಕ್ಕೂ ಹಿಂದಿನ ರಾತ್ರಿಯಲ್ಲಿದೆ. ಪೊಟರೆಯಲ್ಲಿ ಅಡಗಿ ಮರದ ದನಿಯಲ್ಲಿ ಸುಳ್ಳು ನುಡಿಯಬೇಕೆಂದು ಮಗನು ಕೇಳಿಕೊಂಡಾಗ, ಈ ಉಪಾಯವು ಕುಲಕ್ಕೇ ಕೇಡು ತರುವುದೆಂದು ತಂದೆ ಪ್ರೇಮಮತಿ ಎಚ್ಚರಿಸುತ್ತಾನೆ. ತಡೆಯುವ ಮಾತು ಮನೆಯೊಳಗೆ ಹುಟ್ಟಿದೆ. ಆದರೆ ಮಗನ ಮೇಲಿನ ಮೋಹ ಅದನ್ನು ಅಡಗಿಸುತ್ತದೆ. ಮರುದಿನ ಧರ್ಮಬುದ್ಧಿಯು ಪೊಟರೆಗೆ ಹೊಗೆಯಿಕ್ಕಿದಾಗ ಉಸಿರುಕಟ್ಟಿ ಕೆಳಗುರುಳುವವನು ಎಚ್ಚರಿಕೆ ನುಡಿದ ಆ ತಂದೆಯೇ. ಹೊನ್ನನ್ನು ಕದ್ದವನು ಮಗ; ಅದಕ್ಕೆ ಪ್ರಾಣ ತೆತ್ತವನು ಕೇಡನ್ನು ಮೊದಲೇ ಕಂಡಿದ್ದ ತಂದೆ.

ಮಿಕ್ಕ ಅಕ್ಕಿ, ಮೂಗುತಿ

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಅವರ ಕಥನದಲ್ಲಿ ತಡೆಯುವ ಮಾತು ಫಲ ನೀಡುತ್ತದೆ. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ, ಮಿಕ್ಕುದನ್ನು ಮರಳಿ ಸುರಿದು ಬರುವಂತೆ ಕಳುಹಿಸುತ್ತಾಳೆ. ಇಲ್ಲಿ ಕಳವಿಲ್ಲ, ಮೋಸವಿಲ್ಲ. ಇರುವುದು ಕೆಲವು ಹಿಡಿ ಅಕ್ಕಿ ಮಾತ್ರ. ಆದರೂ ಅಂದಿನ ಅಗತ್ಯವನ್ನು ಮೀರಿದ್ದು ಮನೆಗೆ ಬರಬಾರದೆಂಬ ಆಕೆಯ ಅಳತೆಗೋಲು ಸಡಿಲಗೊಳ್ಳುವುದಿಲ್ಲ. ಬಡತನದ ಮನೆಯಲ್ಲಿಯೇ ಸಂಗ್ರಹದ ಮೊದಲ ಹೆಜ್ಜೆಯನ್ನು ಗುರುತಿಸಿ ನಿಲ್ಲಿಸಿದ್ದು ಈ ಕಥನದ ವೈಶಿಷ್ಟ್ಯ.

ಪುರಂದರದಾಸರ ಪೂರ್ವಾಶ್ರಮದ ಐತಿಹ್ಯವು ಸಿರಿವಂತರ ಮನೆಯದು. ಮಗನ ಉಪನಯನಕ್ಕೆ ನೆರವು ಬೇಡಿ ಬಂದ ಬ್ರಾಹ್ಮಣನನ್ನು ಶ್ರೀನಿವಾಸ ನಾಯಕನು ಬರಿಗೈಯಲ್ಲಿ ಕಳುಹಿಸುತ್ತಾನೆ. ಹೆಂಡತಿ ಸರಸ್ವತಿಬಾಯಿ ತನ್ನ ಮೂಗುತಿಯನ್ನೇ ಕೊಡುತ್ತಾಳೆ. ಆ ಮೂಗುತಿ ನಾಯಕನ ಅಂಗಡಿಗೇ ಮಾರಾಟಕ್ಕೆ ಬಂದು, ಪೆಟ್ಟಿಗೆಯಿಂದ ಮಾಯವಾಗಿ, ಆಕೆಯ ವಿಷದ ಬಟ್ಟಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಚರಿತ್ರೆಯಲ್ಲ, ಪವಾಡ ಕಥನ. ಆದರೂ ಮನೆಯೊಳಗಿನ ಅಧಿಕಾರ ಸಂಬಂಧವನ್ನು ಅದು ಸ್ಪಷ್ಟವಾಗಿ ದಾಖಲಿಸುತ್ತದೆ. ಲಕ್ಕಮ್ಮ ಗಂಡನಿಗೆ ನೇರವಾಗಿ ನುಡಿಯಬಲ್ಲಳು. ಸರಸ್ವತಿಬಾಯಿಗೆ ಆ ಸ್ವಾತಂತ್ರ್ಯವಿಲ್ಲ. ಆಕೆ ಮರೆಯಲ್ಲಿ ಕೊಡಬೇಕು, ಸಿಕ್ಕಿಬಿದ್ದರೆ ವಿಷ ಕುಡಿಯಬೇಕು. ಸಂಪತ್ತು ಬೆಳೆದಂತೆ ಮಾತಿನ ಬೆಲೆಯೂ ಪ್ರಾಣದ ಮಟ್ಟಕ್ಕೇರಿದೆ. ದೈವವು ನಡುವೆ ಬಂದುದರಿಂದ ಮಾತ್ರ ಆಕೆ ಉಳಿಯುತ್ತಾಳೆ, ನಾಯಕನು ಎಲ್ಲವನ್ನೂ ತೊರೆದು ದಾಸನಾಗುತ್ತಾನೆ.

ಮಸಾಲೆಯ ಮನೆ

ದೈವವು ಹಿಂದೆ ಸರಿದ ಆಧುನಿಕ ಕಥನದಲ್ಲಿ ಈ ದನಿಯ ಪಾಡೇನು ಎಂಬ ಪ್ರಶ್ನೆಗೆ ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ (2013) ಉತ್ತರವನ್ನು ಒದಗಿಸುತ್ತದೆ. ಬೆಂಗಳೂರಿನ ಪುಟ್ಟ ಮನೆಯೊಂದರಲ್ಲಿ ಅಪ್ಪನ ಸಂಬಳವನ್ನೇ ನೆಚ್ಚಿ ಬದುಕುತ್ತಿದ್ದ ಕುಟುಂಬಕ್ಕೆ ಪ್ರತಿಯೊಂದು ಖರ್ಚೂ ಎಲ್ಲರೂ ಕೂಡಿ ಆಡುವ ಮಾತಾಗಿತ್ತು. ಅಪ್ಪನ ದೈನಂದಿನ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅದು ಇಡೀ ಮನೆಯ ಆತಂಕ. ಅಪ್ಪ ಕೆಲಸ ಕಳೆದುಕೊಂಡಾಗ ದೊರೆತ ಹಣದಿಂದ ಚಿಕ್ಕಪ್ಪ ಆರಂಭಿಸಿದ ಮಸಾಲೆ ವ್ಯಾಪಾರವು ಬೆಳೆದ ಮೇಲೆ ಲೆಕ್ಕ ಕೇಳುವವರಿಲ್ಲ. ಹಣ ಕೊರತೆಯಾಗಿದ್ದಾಗ ಇದ್ದ ಮಾತು ಹಣ ಹೆಚ್ಚಿದಾಗ ನಿಲ್ಲುತ್ತದೆ. ಸಂಪಾದಿಸುವ ಚಿಕ್ಕಪ್ಪನನ್ನು ಕಾಯುವುದೇ ಮನೆಯವರ ಧರ್ಮವಾಗುತ್ತದೆ. ಆತನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಣ್ಣನ್ನು ಅವಮಾನಿಸಿ ಅಟ್ಟುವುದೂ ಅದರ ಭಾಗವೇ. ಐತಿಹ್ಯದ ಭೂತ ಹೂತಿಟ್ಟ ಹೊನ್ನನ್ನು ಕಾಯುವಂತೆ ಈ ಕುಟುಂಬವೇ ಹಣದ ಕಾವಲಿಗೆ ನಿಂತಿದೆ.

ಪ್ರಶ್ನಿಸುವವಳು ಹೊರಗಿನಿಂದ ಬಂದ ಸೊಸೆ ಅನಿತಾ. ಬಾಗಿಲಿಗೆ ಬಂದ ಹೆಣ್ಣಿಗಾದ ಅವಮಾನವನ್ನು ಆಕೆ ಖಂಡಿಸುತ್ತಾಳೆ; ಕೆಲಸ ಮಾಡದೆ ಹಣ ಪಡೆಯುವ ಗಂಡನನ್ನು ಕೆಣಕುತ್ತಾಳೆ. ಊರಿಗೆ ಹೋದ ಆಕೆಯ ಸುದ್ದಿಯೇ ಬಾರದ ಸ್ಥಿತಿಯಲ್ಲಿ ಕಾದಂಬರಿ ಮುಗಿಯುತ್ತದೆ. ಕೃತಿಯು ಏನನ್ನೂ ಹೆಸರಿಸಿ ಹೇಳದಿದ್ದರೂ ಅನುಮಾನದ ನೆರಳು ಮನೆಯವರೆಲ್ಲರ ಮೇಲೂ ಬೀಳುತ್ತದೆ.

ಉಪಸಂಹಾರ

ಪ್ರೇಮಮತಿಯ ಮಾತು ಅಡಗಿತು, ಲಕ್ಕಮ್ಮನ ಮಾತು ಗೆದ್ದಿತು, ಸರಸ್ವತಿಬಾಯಿಯ ಮೌನದ ದಾನಕ್ಕೆ ಪವಾಡದ ಬೆಂಬಲ ಬೇಕಾಯಿತು. ಅನಿತಾಳಿಗೆ ಅಂತಹ ಯಾವ ಬೆಂಬಲವೂ ಇಲ್ಲ. ಈ ನಾಲ್ಕು ಕಥನಗಳ ಕಾಲ, ಪ್ರಕಾರ, ಉದ್ದೇಶಗಳು ಬೇರೆಬೇರೆಯಾದುದರಿಂದ ಇವುಗಳಿಂದ ಒಂದು ನೇರವಾದ ಚಾರಿತ್ರಿಕ ಇಳಿಜಾರನ್ನು ಕಲ್ಪಿಸುವುದು ಸರಿಯಾಗದು. ಆದರೆ ಇವೆಲ್ಲವೂ ಒಂದೇ ಅಳತೆಯನ್ನು ಬಳಸುತ್ತವೆ ಎನ್ನಲು ಅಡ್ಡಿಯಿಲ್ಲ. ಸಾಕು ಎನ್ನುವವರು ಮನೆಯೊಳಗೆ ನಿರ್ಭಯವಾಗಿ ಬಾಳಬಲ್ಲರೇ ಎಂಬುದೇ ಆ ಅಳತೆ. ಹಣದ ಕಥನಗಳ ಅಧ್ಯಯನವು ಇದುವರೆಗೆ ಲೋಭಿಯನ್ನೂ ತ್ಯಾಗಿಯನ್ನೂ ಹೆಚ್ಚಾಗಿ ಗಮನಿಸಿದೆ. ಅವರ ಪಕ್ಕದಲ್ಲಿ ನಿಂತು ಬೇಡವೆಂದವರ ಮಾತುಗಳನ್ನು ಮೌಖಿಕ ಸಾಮಗ್ರಿಯಿಂದ ಹೆಕ್ಕಿ ಒಗ್ಗೂಡಿಸುವ ಕೆಲಸವು ಜಾನಪದ ಸಂಶೋಧಕರ ಮುಂದಿದೆ.