ದೋಣಿಯಿಂದ ಕಾಡುಪ್ರಾಣಿ ವೀಕ್ಷಣೆ: ತೇಕ್ಕಡಿಗೆ ಹೋಗುವ ಸದಸ್ಯರ ಗಮನಕ್ಕೆ

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ನಮ್ಮ ಸದಸ್ಯರಲ್ಲಿ ಕೆಲವರು ಸಂಸಾರಸಮೇತ ಕೇರಳದ ತೇಕ್ಕಡಿಗೆ ಹೋಗಿಬರುವುದುಂಟು. ಅಲ್ಲಿನ ಪೆರಿಯಾರ್ ಹುಲಿ ರಕ್ಷಿತಾರಣ್ಯದ ದೋಣಿ ಪ್ರವಾಸದ ಬಗ್ಗೆ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸುತ್ತೇವೆ.

ಈ ಸರೋವರ ತಾನಾಗಿ ಆದುದಲ್ಲ. ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ಹಿನ್ನೀರು ಇದು. ವಿಸ್ತೀರ್ಣ ಸುಮಾರು 26 ಚದರ ಕಿಲೋಮೀಟರ್. ಪಶ್ಚಿಮಕ್ಕೆ ಹರಿಯುತ್ತಿದ್ದ ನೀರನ್ನು ಬೆಟ್ಟ ಕೊರೆದ ಸುರಂಗದ ಮೂಲಕ ಪೂರ್ವದ ಒಣಭೂಮಿಗೆ ತಿರುಗಿಸಲಾಗಿದೆ. ಅಂದು ಮುಳುಗಿದ ಮರಗಳ ಬೋಳು ಕಾಂಡಗಳು ಇಂದಿಗೂ ನೀರಿನ ನಡುವೆ ನಿಂತಿವೆ. ನೀರುಕಾಗೆ, ಹಾವಕ್ಕಿಗಳು ಅವುಗಳ ಮೇಲೆ ಕುಳಿತು ರೆಕ್ಕೆ ಒಣಗಿಸುತ್ತವೆ. ಸುತ್ತಲಿನ ಕಾಡು 1978ರಲ್ಲಿ ಹುಲಿ ಯೋಜನೆಗೆ ಸೇರಿತು.

ಕಾಡಿನೊಳಗೆ ನಡೆದು ನೋಡುವುದಕ್ಕಿಂತ ದೋಣಿಯೇ ಏಕೆ ಅನುಕೂಲ? ನಿತ್ಯಹರಿದ್ವರ್ಣ ಕಾಡಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲವೆಂಬುದು ನಮ್ಮ ಮಲೆನಾಡಿನವರಿಗೆ ಗೊತ್ತೇ ಇದೆ. ದಟ್ಟ ನೆರಳಿನಡಿ ಹುಲ್ಲು ಬೆಳೆಯುವುದೂ ಕಡಿಮೆ. ಬೇಸಿಗೆಯಲ್ಲಿ ನೀರು ಇಳಿದಂತೆ ಬಯಲಾದ ದಡದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಆನೆ, ಕಾಟಿ, ಕಡವೆ, ಕಾಡುಹಂದಿಗಳು ಮೇವಿಗೂ ನೀರಿಗೂ ಅಲ್ಲಿಗೇ ಬರುತ್ತವೆ. ಆದ್ದರಿಂದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೋದರೆ ಪ್ರಾಣಿಗಳನ್ನು ಕಾಣುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಕಾಡಿನೊಳಗೇ ನೀರು ಸಿಗುವುದರಿಂದ ಅವು ದಡಕ್ಕೆ ಬರುವುದು ವಿರಳ. ಹೊತ್ತಿನಲ್ಲಿ ಮುಂಜಾನೆಯೂ ಇಳಿಹೊತ್ತೂ ಉತ್ತಮ. ಹುಲಿ ಕಂಡೇ ತೀರಬೇಕೆಂಬ ಆಸೆ ಮಾತ್ರ ಬೇಡ; ಅದು ಬಲು ಅಪರೂಪ.

ದೋಣಿಯ ಒಂದೇ ಸಮನಾದ ಯಂತ್ರದ ಸದ್ದಿಗೆ ಈ ಪ್ರಾಣಿಗಳು ಬಹುಮಟ್ಟಿಗೆ ಒಗ್ಗಿಕೊಂಡಿವೆ. ಅವು ಬೆದರುವುದು ಏಕಾಏಕಿ ಎದ್ದ ಕೂಗಿಗೆ. ಒಬ್ಬರು ಕಿರುಚಿದರೆ ಉಳಿದವರೆಲ್ಲರೂ ಕೊಟ್ಟ ಟಿಕೆಟ್ ಹಣ ವ್ಯರ್ಥ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. 2009ರ ಸೆಪ್ಟೆಂಬರ್ 30ರಂದು ಇದೇ ಸರೋವರದಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಮಂದಿ ಪ್ರಾಣ ಕಳೆದುಕೊಂಡರು. ದಡದಲ್ಲಿ ಪ್ರಾಣಿಗಳನ್ನು ಕಂಡ ಪ್ರಯಾಣಿಕರು ಒಂದೇ ಮಗ್ಗುಲಿಗೆ ಸರಿದರೆಂದು ಆಗ ವರದಿಯಾಯಿತು. ದೋಣಿಯ ರಚನೆಯ ಬಗೆಗೂ ಪ್ರಶ್ನೆಗಳೆದ್ದವು. ಮೂಟೆಗಳನ್ನು ಎತ್ತರಕ್ಕೆ ಹೇರಿದ ಲಾರಿ ತಿರುವಿನಲ್ಲಿ ಹೇಗೆ ವಾಲುತ್ತದೆಂದು ನಾವೆಲ್ಲ ಬಲ್ಲೆವು. ಮೇಲಂತಸ್ತಿನ ಜನ ಎದ್ದು ನಿಂತು ಒಂದು ಕಡೆಗೆ ನುಗ್ಗಿದರೆ ದೋಣಿಗೂ ಅದೇ ಗತಿ. ನೆಲದ ಮೇಲಾದರೆ ಹಾರಿ ಪಾರಾಗಬಹುದು. ನೀರಿನಲ್ಲಿ ಅದಕ್ಕೆ ವ್ಯವಧಾನವಿರುವುದಿಲ್ಲ.

ಆದಕಾರಣ ಹೋಗುವ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು: ಜೀವರಕ್ಷಕ ಜಾಕೆಟ್ಟನ್ನು ಸೆಖೆಯೆಂದು ಬಿಚ್ಚಿಡದೆ ದಡ ಸೇರುವವರೆಗೂ ಧರಿಸಿರಿ. ಮಕ್ಕಳ ಜಾಕೆಟ್ಟಿನ ಪಟ್ಟಿಯನ್ನು ನೀವೇ ಬಿಗಿದು ನೋಡಿರಿ. ಕೊಟ್ಟ ಆಸನ ಬಿಟ್ಟು ಏಳಬೇಡಿರಿ. ಎದುರು ದಡದಲ್ಲಿ ಆನೆ ಕಂಡಿತೆಂದರೆ ತಾಳ್ಮೆಯಿಂದಿರಿ. ದೋಣಿ ನಡೆಸುವವರು ಹಲವು ವೇಳೆ ತಾವೇ ನಿಧಾನಿಸಿ ತೋರಿಸುತ್ತಾರೆ. ದುರ್ಬೀನು ಒಂದಿದ್ದರೆ ಕುಳಿತಲ್ಲಿಂದಲೇ ಎಲ್ಲವೂ ಚೆನ್ನಾಗಿ ಕಾಣುತ್ತದೆ.